ಟಾಪ್ ಕ್ವಾರ್ಕ್ ಸಿಗದ ಹದಿನೆಂಟು ವರ್ಷ

1977ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಲಿಯಾನ್ ಲೆಡರ್‌ಮನ್ ತಂಡಕ್ಕೆ ಬಾಟಮ್ ಕ್ವಾರ್ಕ್ ಸಿಕ್ಕಿತು. ಪ್ರೋಟಾನ್‌ನಂಥ ಕಣಗಳನ್ನು ಕಟ್ಟುವ ಮೂಲ ಕಣಗಳೇ ಕ್ವಾರ್ಕ್‌ಗಳು. ಅವು ಜೋಡಿಯಾಗಿ ಇರುತ್ತವೆ: ಅಪ್ ಜೊತೆ ಡೌನ್, ಚಾರ್ಮ್ ಜೊತೆ ಸ್ಟ್ರೇಂಜ್. ಹಾಗಾದರೆ ಬಾಟಮ್‌ಗೂ ಒಂದು ಜೊತೆ ಇರಬೇಕು ಅಲ್ವಾ? ಅದಕ್ಕೆ ಟಾಪ್ ಅಂತ ಹೆಸರೂ ಇಟ್ಟಾಗಿತ್ತು. ಅದರ ತೂಕ ಎಷ್ಟು ಅಂತ ಮಾತ್ರ ಯಾವ ಸಿದ್ಧಾಂತವೂ ಹೇಳುತ್ತಿರಲಿಲ್ಲ.

ಹಾಗಾಗಿ ಊಹೆಯೇ ಗತಿ. ಸ್ಟ್ರೇಂಜ್ ಸುಮಾರು 0.5 ಜಿಇವಿ, ಚಾರ್ಮ್ 1.5, ಬಾಟಮ್ 4.5. (ಕಣಗಳ ತೂಕವನ್ನೂ ಶಕ್ತಿಯನ್ನೂ ನಾವು ಜಿಇವಿಯಲ್ಲೇ ಅಳೆಯುತ್ತೇವೆ; ಒಂದು ಪ್ರೋಟಾನ್ ಹತ್ತಿರಹತ್ತಿರ 1 ಜಿಇವಿ.) ಪ್ರತಿ ಸಲ ಮೂರು ಪಟ್ಟು, ಅಂದರೆ ಟಾಪ್ 15ರ ಆಸುಪಾಸು ಇರಬಹುದು! ಇದರಲ್ಲಿ ಭೌತಶಾಸ್ತ್ರ ಏನೂ ಇಲ್ಲ, ಸುಮ್ನೆ ಅಂಕಿಗಳ ಆಟ. ಆದರೂ ಎಲ್ಲಿಂದಾದರೂ ಶುರು ಮಾಡಬೇಕಲ್ಲ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1978ರಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಪೆಟ್ರಾ ಯಂತ್ರ ಶುರುವಾಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ ಹೊಡೆದಾಗ ಕೆಲವು ಸಲ ಮ್ಯುವಾನ್ (ಎಲೆಕ್ಟ್ರಾನ್‌ನ ಭಾರದ ಅಣ್ಣ) ಜೋಡಿ ಹುಟ್ಟುತ್ತದೆ, ಕೆಲವು ಸಲ ಕ್ವಾರ್ಕ್ ಜೋಡಿ. ಮ್ಯುವಾನ್ ಜೋಡಿಗೆ ಹೋಲಿಸಿದರೆ ಕ್ವಾರ್ಕ್ ಜೋಡಿಯ ಅನುಪಾತ, ಐದು ಕ್ವಾರ್ಕ್ ಇದ್ದರೆ, ಸುಮಾರು 3.7. ಟಾಪ್ ಸೇರಿದರೆ 5. ಇಷ್ಟು ದೊಡ್ಡ ಜಿಗಿತ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಜೊತೆಗೆ, ಟಾಪ್ ಮತ್ತು ಅದರ ಪ್ರತಿಕಣ ಒಂದನ್ನೊಂದು ಹಿಡಿದುಕೊಂಡರೆ ಗ್ರಾಫ್‌ನಲ್ಲಿ ಒಂದು ಚೂಪಾದ ಶಿಖರ ಕಾಣಬೇಕು ಅಂತ ಶಕ್ತಿಯನ್ನು ಚೂರುಚೂರೇ ಏರಿಸುತ್ತಾ ಹೋದರು. ಸುಮಾರು 46 ಜಿಇವಿವರೆಗೂ ಜಿಗಿತವೂ ಇಲ್ಲ, ಶಿಖರವೂ ಇಲ್ಲ. ಟಾಪ್ ಹುಟ್ಟುವುದು ಜೋಡಿಯಾಗಿ, ಅಂದರೆ ಒಂದು ಟಾಪ್ ಅದರ ಅರ್ಧ, 23ಕ್ಕಿಂತ ಭಾರ. ಮುಂದೆ ಜಪಾನಿನ ಟ್ರಿಸ್ಟಾನ್ ಯಂತ್ರ ಆ ಗೆರೆಯನ್ನು 30ರ ಹತ್ತಿರಕ್ಕೆ ತಂದಿತು. ಹೊರಗಿನವರಿಗೆ ಇದು ಸೋಲು. ನಮ್ಮ ಕಸುಬಿನಲ್ಲಿ ಇದೂ ಒಂದು ಅಳತೆಯೇ.

ನನ್ನ ವಿದ್ಯಾರ್ಥಿಗಳಿಗೆ ನಾನು ಜಾಸ್ತಿ ಹೇಳುವುದು ಯುರೋಪಿನ ಕಣ ಭೌತಶಾಸ್ತ್ರ ಕೇಂದ್ರ ಸರ್ನ್‌ನ ಯುಎ1 ಪ್ರಯೋಗದ ಕಥೆ. 1983ರಲ್ಲಿ ಡಬ್ಲ್ಯೂ ಮತ್ತು ಝಡ್ ಕಣಗಳನ್ನು ಹಿಡಿದ ತಂಡ ಅದು. ಡಬ್ಲ್ಯೂ ಒಡೆದು ಟಾಪ್ ಮತ್ತು ಬಾಟಮ್ ಆಗಬಹುದು ಅಂತ ಅವರ ಲೆಕ್ಕ. ಇಲ್ಲಿ ಗುರುತು ಒಂಟಿ ಲೆಪ್ಟಾನ್, ಅಂದರೆ ಒಂಟಿಯಾಗಿ ಸಿಡಿದ ಎಲೆಕ್ಟ್ರಾನ್ ಅಥವಾ ಮ್ಯುವಾನ್. ಹಗುರ ಕ್ವಾರ್ಕ್‌ನಿಂದ ಬಂದ ಎಲೆಕ್ಟ್ರಾನ್ ಅಥವಾ ಮ್ಯುವಾನ್ ಬೇರೆ ಕಣಗಳ ಗುಂಪಿನೊಳಗೇ ಹೂತಿರುತ್ತದೆ. ಭಾರದ ಟಾಪ್ ಒಡೆದರೆ ಅದು ದೂರ ಸಿಡಿದು ಒಂಟಿಯಾಗಿ ಕಾಣುತ್ತದೆ. ಈ ಉಪಾಯವನ್ನು 1983ರಲ್ಲಿ ಮುಂದಿಟ್ಟವರಲ್ಲಿ ರೋಹಿಣಿ ಗೋಡ್ಬೋಲೆ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

1984ರಲ್ಲಿ ಯುಎ1 ತಂಡ ಬೆರಳೆಣಿಕೆಯ ಈವೆಂಟ್‌ಗಳನ್ನು (ದಾಖಲಾದ ಡಿಕ್ಕಿಗಳನ್ನು) ತೋರಿಸಿ, ಟಾಪ್ 30ರಿಂದ 50 ಜಿಇವಿ ನಡುವೆ ಇದೆ ಅಂದಿತು. ಆದರೆ ಡಬ್ಲ್ಯೂ ಜೊತೆ ಸುಮ್ನೆ ಜೆಟ್‌ಗಳು (ಒಂದೇ ದಿಕ್ಕಿಗೆ ಸಿಡಿಯುವ ಕಣಗಳ ಗುಂಪು) ಹುಟ್ಟಿದರೂ ಅದೇ ಚಿತ್ರ ಬರುತ್ತದೆ. ಬಾಟಮ್ ಜೋಡಿಯೂ ಅಪರೂಪಕ್ಕೆ ಒಂಟಿ ಲೆಪ್ಟಾನ್ ಕೊಟ್ಟುಬಿಡುತ್ತದೆ. ಡೇಟಾ ಹೆಚ್ಚಿದಂತೆ ಈವೆಂಟ್‌ಗಳೆಲ್ಲ ಈ ಬ್ಯಾಕ್‌ಗ್ರೌಂಡ್, ಅಂದರೆ ಟಾಪ್ ಇಲ್ಲದೆಯೂ ಬರುವ ಈವೆಂಟ್‌ಗಳ, ಲೆಕ್ಕದೊಳಗೇ ಬಂದು ಕೂತವು. 1988ರಲ್ಲಿ ಅದೇ ತಂಡ, ಟಾಪ್ 44ಕ್ಕಿಂತ ಭಾರ ಅಂತ ಬರೆಯಿತು. ನನಗೆ ಆ ಎರಡನೇ ಲೇಖನದ ಮೇಲೇ ಗೌರವ ಜಾಸ್ತಿ.

ಆಮೇಲೆ ಸರ್ನ್‌ನದೇ ಇನ್ನೊಂದು ಪ್ರಯೋಗ ಯುಎ2, ಫರ್ಮಿಲ್ಯಾಬ್‌ನ ಸಿಡಿಎಫ್ ಪ್ರಯೋಗ ಸೇರಿ 1992ರ ಹೊತ್ತಿಗೆ ಗೆರೆ 91ಕ್ಕೆ ಏರಿತು. 1995ರ ಮಾರ್ಚ್ 2ರಂದು ಸಿಡಿಎಫ್ ಮತ್ತು ಅಲ್ಲಿನದೇ ಡಿಝೀರೋ ತಂಡಗಳು ಟಾಪ್ ಸಿಕ್ಕಿದೆ ಎಂದು ಘೋಷಿಸಿದವು. ಇವತ್ತಿನ ಅಳತೆಯಲ್ಲಿ ಅದು ಸುಮಾರು 173 ಜಿಇವಿ.

ಡಬ್ಲ್ಯೂ ಬರೀ 80. ಅಂದರೆ ಯುಎ1 ಹುಡುಕಿದ ದಾರಿಯೇ ಇರಲಿಲ್ಲ, ನಿಜದಲ್ಲಿ ಟಾಪ್ ಒಡೆದು ಡಬ್ಲ್ಯೂ ಬರುತ್ತದೆ. ಟಾಪ್ ಎಷ್ಟು ಬೇಗ ಒಡೆಯುತ್ತದೆ ಅಂದರೆ ಜೋಡಿ ಕಟ್ಟಿಕೊಂಡು ನಿಲ್ಲಲು ಸಮಯವೇ ಇಲ್ಲ. ಹಾಗಾಗಿ ಪೆಟ್ರಾದವರು ಕಾದಿದ್ದಂಥ ಚೂಪು ಶಿಖರವೂ ಇಲ್ಲ. ಒಂಟಿ ಲೆಪ್ಟಾನ್ ಉಪಾಯ ಮಾತ್ರ ಉಳಿಯಿತು. 1995ರಲ್ಲೂ ಈವೆಂಟ್‌ಗಳನ್ನು ಮೊದಲು ಸೋಸಿದ್ದು ಅದರಿಂದಲೇ. ಅದರ ಮೇಲೆ ಸಿಡಿಎಫ್ ಸಿಲಿಕಾನ್ ಪಟ್ಟಿಗಳನ್ನಿಟ್ಟು, ಬಾಟಮ್ ಒಡೆಯುವ ಮೊದಲು ಸಾಗಿದ ಕೆಲವೇ ಮಿಲಿಮೀಟರ್ ದೂರವನ್ನೂ ಅಳೆದಿತ್ತು.