ಹೊಸ ಟೈರು ಹಾಕಿದ ಮರುದಿನವೇ ಹೊರಡಬೇಡಿ

"ಕಾಕಾ, ನಾಳೆ ನಸುಕಿನ್ಯಾಗ ಹೊಂಟೀನ್ರಿ. ಎರಡೂ ಟೈರ್ ಹೊಸಾವು ಹಾಕಿಬಿಡ್ರಿ."

ಮೂರು ವರ್ಷದ ಹಿಂದೆ, ಹುಬ್ಬಳ್ಳಿಯ ನನ್ನ ಗ್ಯಾರೇಜಿನ ಷಟರ್ ಎಳೆಯುವ ಹೊತ್ತಿಗೆ ಬ್ಯಾಡಗಿ ಕಡೆಯ ಹುಡುಗನೊಬ್ಬ ಹೀಗಂದ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಎರಡು ದಿನದ ಬೈಕ್ ರೈಡಿಂಗ್ ತರಬೇತಿ, ಫೀ ಕಟ್ಟಿಯಾಗಿತ್ತು. ಹುಡುಗನ ಹುರುಪು ನನಗೂ ಅಂಟಿತು. ರಾತ್ರಿ ಹತ್ತರವರೆಗೆ ಕೂತು ಟೈರು ಏರಿಸಿ, ಬ್ಯಾಲೆನ್ಸ್ ಮಾಡಿ ಕಳಿಸಿದೆ. ಬೆಳಿಗ್ಗೆ ಏಳಕ್ಕೆ ಫೋನು. ವರೂರಿನ ಹತ್ತಿರ ಸರ್ವಿಸ್ ರಸ್ತೆಗೆ ಇಳಿಯುವ ತಿರುವು, ಸಣ್ಣ ತುಂತುರು, ಹಿಂದಿನ ಗಾಲಿ ಜಾರಿ ಗಾಡಿ ಮಲಗಿತ್ತು. ಅಂಗೈ ಕೆತ್ತಿದ್ದು ಬಿಟ್ಟರೆ ಹುಡುಗನಿಗೆ ಏನೂ ಆಗಲಿಲ್ಲ, ಆದರೆ ತರಬೇತಿ ತಪ್ಪಿತು. ಹೊಸ ಟೈರಿನ ಮೇಲೆ ಮೊದಲ ದಿನ ಗಾಡಿ ಬಾಗಿಸಬೇಡ ಅಂತ ನಾನು ಒಂದು ಮಾತು ಹೇಳಿರಲಿಲ್ಲ. ತಪ್ಪು ನನ್ನದು.

ಅಚ್ಚಿನಿಂದ ಬಂದ ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಆ ನುಣುಪು ಸವೆದು ರಬ್ಬರು ತುಸು ಒರಟಾಗುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ನೂರೈವತ್ತು ಕಿಲೋಮೀಟರು ಸಾವಕಾಶ ಓಡಿಸಿ ಅಂತ ನಾನು ಹೇಳುತ್ತೇನೆ. ಎಲ್ಲಿ ಓಡಿಸುತ್ತೀರಿ ಅನ್ನುವುದೂ ಮುಖ್ಯ. ಗದಗ ರಸ್ತೆ ಹೆಚ್ಚುಕಡಿಮೆ ನೇರ, ಅಲ್ಲಿ ಎಷ್ಟು ಓಡಿಸಿದರೂ ನಡುಪಟ್ಟಿಯಷ್ಟೇ ಸವೆಯುತ್ತದೆ, ಅಂಚು ಹೊಸದಾಗಿಯೇ ಉಳಿಯುತ್ತದೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿನವರೆಗೆ ಒಣ ಹಗಲಲ್ಲಿ ಹೋಗಿ ಬನ್ನಿ, ತಿರುವಿನಿಂದ ತಿರುವಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚು ಬಾಗಿಸುತ್ತ. ಲಾರಿಗಳ ಕಾಟ ಇದ್ದೇ ಇದೆ, ಅವಸರ ಬೇಡ. ಇದೆಲ್ಲ ಆಗಬೇಕಾದರೆ ಟೈರು ಬದಲಿಸುವ ಕೆಲಸ ಹೊರಡುವ ಎರಡು ವಾರ ಮೊದಲೇ ಮುಗಿದಿರಬೇಕು.

ಹಾಗಾದರೆ ಹಳೆಯ ಟೈರಿನಲ್ಲೇ ಹೋಗಬಹುದಲ್ಲ, ಇನ್ನೂ ಗೀರು ಕಾಣುತ್ತದಲ್ಲ ಅನ್ನುವವರಿದ್ದಾರೆ. ಗೀರು ಇದ್ದರಷ್ಟೇ ಸಾಲದು. ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಂದಿನ ಟೈರಿನ ಆಕಾರ ನೋಡಿ. ಹೊಸದು ದುಂಡಗೆ ಇರುತ್ತದೆ. ನಮ್ಮ ಕಡೆಯ ಗಾಡಿಗಳು ಹುಬ್ಬಳ್ಳಿ–ಹಾವೇರಿ, ಹುಬ್ಬಳ್ಳಿ–ಗದಗ ಅಂತ ನೇರ ರಸ್ತೆಯಲ್ಲೇ ಓಡುವುದರಿಂದ ಎಂಟು-ಹತ್ತು ಸಾವಿರ ಕಿಲೋಮೀಟರಿಗೆ ಟೈರಿನ ನಡು ಚಪ್ಪಟೆಯಾಗಿ ಇಕ್ಕೆಲದಲ್ಲಿ ಒಂದೊಂದು ಬದು ಏಳುತ್ತದೆ. ಇಂಥ ಟೈರಿನ ಗಾಡಿ ತಿರುವಿನಲ್ಲಿ ಮೊದಲು ಬಾಗಲು ಒಲ್ಲೆನ್ನುತ್ತದೆ, ಬದು ದಾಟಿದ ಕೂಡಲೇ ಒಮ್ಮೆಲೇ ಧೊಪ್ಪನೆ ಒಳಗೆ ಬೀಳುತ್ತದೆ.

ಊರೊಳಗೆ ಇದು ಗೊತ್ತಾಗುವುದಿಲ್ಲ. ಬಾಗಿಸುವುದನ್ನೇ ಕಲಿಸುವ ಜಾಗದಲ್ಲಿ ಇದೇ ದೊಡ್ಡ ತೊಡಕು. ಅಲ್ಲಿ ಹೇಳಿಕೊಡುವುದು ಹ್ಯಾಂಡಲ್ ಎಷ್ಟು ಒತ್ತಬೇಕು, ಕಣ್ಣು ಎಲ್ಲಿರಬೇಕು, ಎಕ್ಸಲೇಟರ್ ಯಾವಾಗ ತೆರೆಯಬೇಕು ಅಂತ. ಸವಾರ ಸರಿಯಾಗಿಯೇ ಒತ್ತಿರುತ್ತಾನೆ, ಗಾಡಿ ತಪ್ಪು ಉತ್ತರ ಕೊಡುತ್ತದೆ. ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಎರಡು ದಿನ ಟೈರಿನ ಜೊತೆ ಗುದ್ದಾಡಿ ಬರುತ್ತಾನೆ. ತರಬೇತಿಗೆ ಹೋಗುವ ಗಾಡಿ ಜೋರಾಗಿ ಓಡಬೇಕಿಲ್ಲ. ಒಂದೇ ಥರ ಒತ್ತಿದರೆ ಪ್ರತಿಸಲ ಒಂದೇ ಥರ ಬಾಗಿದರೆ ಸಾಕು.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ನಾನು ಟ್ರ್ಯಾಕಿಗೆ ಕಳಿಸುವುದಿಲ್ಲ, ಗೀರು ಎಷ್ಟೇ ಆಳವಿರಲಿ. ನಮ್ಮ ಬಿಸಿಲಲ್ಲಿ ನಿಂತ ಗಾಡಿಯ ರಬ್ಬರು ಉಗುರು ಊರಿದರೂ ತಗ್ಗದಷ್ಟು ಬಿರುಸಾಗಿರುತ್ತದೆ. ಹೊಸದು ಕೊಳ್ಳುವಾಗಲೂ ಈ ಅಂಕಿ ಓದಿ, ಅಂಗಡಿಯಲ್ಲೇ ಎರಡು ವರ್ಷ ಕೂತದ್ದನ್ನು ನಿಮ್ಮ ತಲೆಗೆ ಕಟ್ಟಬಾರದು. ಹಾಗೆಯೇ ಕಂಪನಿಯವರು 150 ಅಗಲದ್ದು ಹಾಕಿದ್ದರೆ ನೋಡಲಿಕ್ಕೆ ಚೆಂದ ಅಂತ 160ರದ್ದು ಹಾಕಿಸಬೇಡಿ. ಅದೇ ರಿಮ್ಮಿನಲ್ಲಿ ಟೈರು ಕಿವುಚಿ ಆಕಾರ ಕೆಡುತ್ತದೆ, ಗಾಡಿ ತಿರುಗಲು ಜಡವಾಗುತ್ತದೆ. ಫೋಟೋಕ್ಕೆ ಮಾತ್ರ ಒಳ್ಳೆಯದು.

ಇನ್ನು ಹವಾ. ಮುಂಜಾನೆ ಗಾಡಿ ಚಾಲೂ ಮಾಡುವ ಮುಂಚೆ, ಟೈರು ತಣ್ಣಗಿದ್ದಾಗ ಅಳೆದದ್ದೇ ಲೆಕ್ಕ. ಒಳಗಿನ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಹವಾದ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ (ಹವಾ ಮೀಟರಿನ ಅಳತೆ) ಏರುತ್ತದೆ. ಗಾಬರಿಯಾಗಿ ಚಿತ್ರದುರ್ಗದ ಬಂಕಿನಲ್ಲಿ ಇಳಿಸಬೇಡಿ, ರಾತ್ರಿ ತಣಿದಾಗ ಕಡಿಮೆಯಾಗಿರುತ್ತದೆ. ಲಗೇಜು ಹೇರಿದ್ದರೆ ಹಿಂದಿನದಕ್ಕೆ ಕಂಪನಿ ಹೇಳಿದ ಹೆಚ್ಚಿನ ಅಳತೆಯೇ ಇರಲಿ. ಟ್ರ್ಯಾಕಿನಲ್ಲಿ ತರಬೇತುದಾರರು ಇಳಿಸಲು ಹೇಳುತ್ತಾರೆ, ಎಷ್ಟು ಅಂತ ಅವರನ್ನೇ ಕೇಳಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿದೆ, ಚೆನ್ನೈ ಕಡಲ ದಂಡೆ. ಇಲ್ಲಿ ತುಂಬಿದ್ದು ಅಲ್ಲಿ ಮೀಟರಿನಲ್ಲಿ ಬೇರೆ ತೋರಿಸುತ್ತದೆ, ಮೇಲೆ ಅಲ್ಲಿಯ ಸೆಖೆ ಬೇರೆ. ನಿಮ್ಮದೇ ಒಂದು ಮೀಟರು, ಒಂದು ಚಿಕ್ಕ ಪಂಪು ಜೊತೆಗಿರಲಿ. ಬಂಕಿನ ಮೀಟರುಗಳು ಒಂದಕ್ಕೊಂದು ತಾಳೆಯಾಗಿದ್ದನ್ನು ನಾನಂತೂ ಕಂಡಿಲ್ಲ.

ದಾರಿಯಲ್ಲಿ ಪಂಕ್ಚರಾಗಿ ಟ್ಯೂಬ್‌ಲೆಸ್‌ ಟೈರಿನ ತೂತಿಗೆ ರಬ್ಬರಿನ ಬತ್ತಿ ತುರುಕಿಸಿದ್ದರೆ ಟ್ರ್ಯಾಕಿನಲ್ಲಿ ಮುಚ್ಚಿಡದೆ ಹೇಳಿ. ಊರು ಮುಟ್ಟಲು ಆ ಬತ್ತಿ ಸಾಕು, ಬಾಗಿಸಿ ವೇಗವಾಗಿ ಓಡಿಸಲು ಅದನ್ನು ನಂಬಬಾರದು.

ಬ್ರೇಕ್ ಆಯಿಲ್ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕು. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಊರಲ್ಲಿ ಬ್ರೇಕು ಅಷ್ಟು ಕಾಯುವುದಿಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಗಟ್ಟಿಯಾಗಿ ಹಿಡಿದಾಗ ಹಳೆಯ ಆಯಿಲ್ ಒಳಗೇ ಕುದಿದು ಗುಳ್ಳೆ ಏಳುತ್ತದೆ, ಲಿವರ್ ಮೆತ್ತಗಾಗಿ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ. ಎರಡು ವರ್ಷವಾಗಿದ್ದರೆ ಬದಲಿಸಿ. ಪ್ಯಾಡು ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನೂ.

ಉಳಿದದ್ದು ಅರ್ಧ ದಿನದ ಕೆಲಸ. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ತಡೆದಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಎಕ್ಸಲೇಟರ್ ಬಿಟ್ಟ ಕೂಡಲೇ ಟಪ್ ಅಂತ ಹಿಂದಕ್ಕೆ ಬರಬೇಕು, ಅಲ್ಲಿಯವರು ಇದನ್ನು ಕೈಹಚ್ಚಿ ನೋಡುತ್ತಾರೆ. ಚೈನಿನ ಸಡಿಲು ಹಿಂದಿನ ಗಾಲಿ ಹಿಡಿದಿರುವ ಸ್ವಿಂಗ್‌ಆರ್ಮ್ ಮೇಲಿನ ಚೀಟಿಯಲ್ಲಿ ಬರೆದಷ್ಟೇ ಇರಲಿ, ಬಿಗಿ ಮಾಡಿದಷ್ಟೂ ಒಳ್ಳೆಯದಲ್ಲ. ಇಂಜಿನ್ ಆಯಿಲ್ ಗೆರೆ ಮೀರಿ ತುಂಬಬೇಡಿ. ನಿಮ್ಮ ಗಾಡಿಯಿಂದ ಬಿದ್ದ ಒಂದು ಹನಿ ಹಿಂದೆ ಬರುವವನನ್ನು ಕೆಡವುತ್ತದೆ. ಕೆಲವು ಕಡೆ ಇಂಜಿನ್ ತಣಿಸುವ ಕೂಲಂಟ್ ಕೂಡ ತೆಗೆದು ಬರೀ ನೀರು ಹಾಕಿಸುತ್ತಾರೆ, ಮೊದಲೇ ಫೋನ್ ಮಾಡಿ ಕೇಳಿ. ಹೆಡ್‌ಲೈಟಿಗೆ ಹಚ್ಚಲು ಅಗಲ ಟೇಪು, ಕನ್ನಡಿ ಬಿಚ್ಚಲು ಪಾನಾ ಒಯ್ಯಿರಿ.

ಗಾಡಿ ಓಡಿಸಿಕೊಂಡೇ ಹೋಗಬೇಕೇ, ಪಾರ್ಸೆಲ್ ಹಾಕಬೇಕೇ? ಗಬ್ಬೂರು ಬೈಪಾಸಿನಲ್ಲಿ ಹತ್ತುವ ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರು, ಕೃಷ್ಣಗಿರಿ, ವೇಲೂರು ದಾಟಿ ಶ್ರೀಪೆರಂಬದೂರಿನ ಆಚೆ ಇರುಂಗಾಟ್ಟುಕೋಟೈ ಟ್ರ್ಯಾಕಿನ ಹತ್ತಿರವೇ ಹಾಯುತ್ತದೆ. ಏಳುನೂರು ಕಿಲೋಮೀಟರಿನ ಮೇಲೆ, ಒಂದೇ ನಂಬರಿನ ರಸ್ತೆ. ಅಮೆರಿಕದಲ್ಲಿ ಕೀತ್ ಕೋಡ್ 1980ರಲ್ಲಿ ಶುರುಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲಿನವರೂ ಇದೇ ಟ್ರ್ಯಾಕಿಗೆ ಬಂದು ಕಲಿಸಿದ್ದಾರೆ. ಓಡಿಸಿಕೊಂಡು ಹೋಗುವ ಸುಖ ಬೇರೆ, ಒಪ್ಪುತ್ತೇನೆ. ಆದರೆ ಒಂದೇ ದಿನಕ್ಕೆ ಹೋಗಿ ಮರುದಿನ ಬೆಳಿಗ್ಗೆ ತರಗತಿಗೆ ಕೂತರೆ ತಲೆಗೆ ಏನೂ ಹತ್ತುವುದಿಲ್ಲ. ನಡುವೆ ಒಂದು ರಾತ್ರಿ ತಂಗಿ, ಅಲ್ಲಿ ಮುಟ್ಟಿದ ಮೇಲೂ ಒಂದು ರಾತ್ರಿ ಇರಲಿ. ಹಾವೇರಿ ಆಸುಪಾಸು ಗೋವಿನಜೋಳದ ಸುಗ್ಗಿಯಲ್ಲಿ ಸರ್ವಿಸ್ ರಸ್ತೆಯ ತುಂಬ ಕಾಳು ಹರವಿರುತ್ತಾರೆ, ಅದರ ಮೇಲೆ ಬ್ರೇಕು ಹಿಡಿದರೆ ಗೋಲಿಯ ಮೇಲೆ ಕಾಲಿಟ್ಟಂತೆ. ರೈಲಿಗೆ ಹಾಕುವುದಾದರೆ ಟ್ಯಾಂಕಿನ ಪೆಟ್ರೋಲು ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಜೆರಾಕ್ಸ್ ಬೇಕು.

ಬ್ಯಾಡಗಿಯ ಹುಡುಗ ಮರುವರ್ಷ ಮತ್ತೆ ಹೋದ. ಈ ಸಲ ಮೂರು ವಾರ ಮೊದಲೇ ಟೈರು, ಎರಡು ಸಲ ಅರಬೈಲು. ತಿರುಗಿ ಬಂದವನು ಸೀದಾ ಗ್ಯಾರೇಜಿಗೆ ಬಂದು ಟೈರಿನ ಅಂಚಿನವರೆಗೂ ಉರುಳೆದ್ದ ರಬ್ಬರು ತೋರಿಸಿದ. ನಾನು ಮೀಟರು ಹಚ್ಚಿದೆ. ಟ್ರ್ಯಾಕಿನಲ್ಲಿ ಇಳಿಸಿದ ಹವಾ ತುಂಬಿಸುವುದು ಮರೆತು, ಲಗೇಜು ಹೇರಿಕೊಂಡು ಅಷ್ಟೂ ದೂರ ಹಾಗೇ ಬಂದಿದ್ದ.

"ಅದೊಂದು ನೀವು ಹೇಳಿರಲಿಲ್ಲ ಬಿಡ್ರಿ ಕಾಕಾ" ಅಂದ.