ಘಾಟಿಗಿಂತ ಅಪಾಯ ನೆಟ್ಟಗಿನ ರಸ್ತೆಯ ಕೊನೆಯ ತಿರುವು

ಆಗುಂಬೆ ಘಾಟಿ ಅಂದರೆ ಹೊಸಬರಿಗೆ ಭಯ. ಆದರೆ ಅಲ್ಲಿ ಒಂದು ಹೇರ್‌ಪಿನ್ ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ, ವೇಗ ಏರಿಸಲು ಜಾಗವೇ ಇಲ್ಲ. ನನಗೆ ಜಾಸ್ತಿ ಹೆದರಿಕೆ ಘಾಟಿ ಇನ್ನೂ ದೂರ ಇರುವಾಗಲೇ, ಅಡಿಕೆ ತೋಟ, ಅಕೇಶಿಯಾ ನೆಡುತೋಪುಗಳ ನಡುವೆ ನೆಟ್ಟಗೆ ಓಡಿದ ರಸ್ತೆ ಇದ್ದಕ್ಕಿದ್ದಂತೆ ಹೊರಳುವ ಕಡೆ.

ನಾವು ಬೋರ್ಡ್ ನೋಡಿ ಓಡಿಸುವುದಕ್ಕಿಂತ ರಸ್ತೆ ನೋಡಿ ಓಡಿಸುವುದೇ ಹೆಚ್ಚು. ಈಗ ದಾಟಿದ ರಸ್ತೆ ಹೇಗಿತ್ತೋ ಮುಂದೆಯೂ ಹಾಗೇ ಅಂದುಕೊಳ್ಳುತ್ತೇವೆ. ಸ್ವಲ್ಪ ಹೊತ್ತು 80ರಲ್ಲಿ ಓಡಿಸಿದ ಮೇಲೆ 50ಕ್ಕೆ ಇಳಿಸಿದರೆ ತೆವಳಿದ ಹಾಗೆ ಅನಿಸುತ್ತದೆ, ಅಲ್ವಾ?

ತಿರುವಿನಲ್ಲಿ ಗಾಡಿಯನ್ನು ರಸ್ತೆಯ ಮೇಲೆ ಹಿಡಿದಿಡುವುದು ಎರಡೇ. ಟೈರಿನ ಹಿಡಿತ, ಮತ್ತು ಹೊರ ಅಂಚನ್ನು ಎತ್ತರಿಸಿ ಕೊಟ್ಟ ಓರೆ. ದೇಶದ ರಸ್ತೆಗಳಿಗೆ ಅಳತೆ, ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ, ಹಿಮ ಬೀಳದ ಬೆಟ್ಟದ ರಸ್ತೆಗೆ ಈ ಓರೆ ಹೆಚ್ಚೆಂದರೆ ಶೇ. 10. ಅಷ್ಟು ಓರೆ ಕೊಟ್ಟರೂ 40 ಕಿ.ಮೀ. ವೇಗಕ್ಕೆ ತಿರುವಿನ ತ್ರಿಜ್ಯ ಸುಮಾರು 50 ಮೀಟರ್ ಬೇಕು, 80ಕ್ಕೆ ಸುಮಾರು 200. ವೇಗ ಎರಡು ಪಟ್ಟಾದರೆ ಗಾಡಿಯನ್ನು ಒಳಕ್ಕೆ ತಿರುಗಿಸಲು ಬೇಕಾದ ಬಲ ನಾಲ್ಕು ಪಟ್ಟು. 40ರ ತಿರುವಿಗೆ 80ರಲ್ಲಿ ನುಗ್ಗಿದರೆ ಒಣ ರಸ್ತೆಯಲ್ಲೂ ಹಿಡಿತ ಸಾಲದು. ಇನ್ನು ನಮ್ಮ ಜುಲೈ ಮಳೆ, ಮರದಡಿಯ ಪಾಚಿ, ಕೊಳೆತ ಎಲೆ ಸೇರಿದರೆ ಕೇಳುವುದೇ ಬೇಡ.

ಕಣ್ಣೂ ಮೋಸ ಮಾಡುತ್ತದೆ. ಇಳಿಜಾರಿನಲ್ಲಿ ಬಂದು, ಮೋರಿ ದಾಟಿ, ಮತ್ತೆ ಏರುವ ತಗ್ಗಿನಲ್ಲೇ ತಿರುವಿದ್ದರೆ, ಮೇಲಿನಿಂದ ನೋಡುವವರಿಗೆ ಅದು ಇರುವುದಕ್ಕಿಂತ ಸಲೀಸಾಗಿ ಕಾಣುತ್ತದೆ. ಹತ್ತಿರ ಬಂದ ಮೇಲೆ ಗಾಬರಿಯಾಗಿ, ತಿರುವಿನ ಒಳಗೇ ಬ್ರೇಕ್ ಒತ್ತುತ್ತಾರೆ. ತಿರುಗಲು ಬೇಕಿದ್ದ ಹಿಡಿತದಲ್ಲಿ ಒಂದು ಪಾಲು ಬ್ರೇಕಿಗೇ ಹೋಗುತ್ತದೆ.

ಒಳ್ಳೆಯ ರಸ್ತೆಯಲ್ಲಿ ನೆಟ್ಟಗಿನ ಭಾಗ ಮುಗಿದ ಕೂಡಲೇ ಬಿಗಿ ತಿರುವು ಬರುವುದಿಲ್ಲ. ಮೊದಲು ಸಡಿಲ ತಿರುವು, ಆಮೇಲೆ ಸ್ವಲ್ಪ ಬಿಗಿ, ಹೀಗೆ ಬಂದರೆ ಚಾಲಕರ ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ಹಳೇ ರಸ್ತೆ ಅಗಲ ಮಾಡುವಾಗ ಇದನ್ನೇ ಮರೆಯುತ್ತಾರೆ ಅನ್ನುವುದು ನನ್ನ ದೂರು. ನೆಟ್ಟಗಿನ ಭಾಗ ನುಣುಪಾಗುತ್ತದೆ, ತಿರುವು ಮಾತ್ರ ಹಾಗೇ ಉಳಿಯುತ್ತದೆ. ಬರುವವರ ವೇಗ ಹೆಚ್ಚಿರುತ್ತದೆ.

ಎಲ್ಲ ತಿರುವನ್ನೂ ಒಡೆದು ಕಟ್ಟಲು ಆಗುವುದಿಲ್ಲ, ಕಾಡೂ ಉಳಿಯಬೇಕು. ಆದರೆ ಹೊರ ಅಂಚಿನಲ್ಲಿ ಸಾಲಾಗಿ ಬಾಣದ ಗುರುತಿನ ಫಲಕ ನಿಲ್ಲಿಸಿದರೆ ತಿರುವು ಎಷ್ಟು ಬಿಗಿ ಅನ್ನುವುದು ರಾತ್ರಿಯೂ ದೂರದಿಂದಲೇ ಗೊತ್ತಾಗುತ್ತದೆ. ಒಳಬದಿಯ ಲಂಟಾನ ಪೊದೆ ಮಳೆಗಾಲದಲ್ಲಿ ಹಬ್ಬಿಕೊಳ್ಳುತ್ತದೆ, ಅದನ್ನು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಸವರಿದರೆ ಸಾಲದು. 80ರಲ್ಲಿ ಬರುವ ಗಾಡಿ ಸುರಕ್ಷಿತವಾಗಿ ನಿಲ್ಲಲು 120 ಮೀಟರ್ ಮುಂದೆ ಕಾಣಬೇಕು. ಆಗಸ್ಟ್‌ನಲ್ಲೂ ಒಂದು ಸಲ ಕತ್ತಿ ಹಿಡಿದವರನ್ನು ಆ ತಿರುವುಗಳಿಗೆ ಕಳಿಸಬೇಕು.