ಬೆಳ್ಳಗಿರುವುದೆಲ್ಲ ಗಾಯವಲ್ಲ

ಎಂಆರ್‌ಐ ಚಿತ್ರದಲ್ಲಿ ಆರೋಗ್ಯವಾಗಿರುವ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ, ಕಪ್ಪಗಿರುತ್ತದೆ. ಕೊಬ್ಬು, ಮಜ್ಜೆ, ನೀರು ಒಂದಲ್ಲ ಒಂದು ಚಿತ್ರದಲ್ಲಿ ಹೊಳೆಯುತ್ತವೆ, ಇದು ಮಾತ್ರ ಎಲ್ಲದರಲ್ಲೂ ಕಪ್ಪು. ಹಾಗಾಗಿ ಆ ಕಪ್ಪಿನ ನಡುವೆ ಬಿಳಿ ಕಂಡ ಕೂಡಲೇ ‘ಹರಿದಿದೆ’ ಎಂದುಬಿಡುವುದು ಸುಲಭ. ಕಣಕಾಲಿನ ಮಟ್ಟಿಗೆ ಇದು ಅಪಾಯಕಾರಿ ಅವಸರ. ಅಲ್ಲಿ ರಜ್ಜುವಿನ ಒಂದು ಕೋನವೇ, ಇಲ್ಲದ ಗಾಯವನ್ನು ಇದೆಯೆಂದು ತೋರಿಸುತ್ತದೆ.

ಎಂಆರ್‌ಐ ಯಂತ್ರ ಕೇಳಿಸಿಕೊಳ್ಳುವುದು ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳ ಸಂಕೇತವನ್ನು. ಪ್ರತಿ ಪ್ರೋಟಾನೂ ಒಂದು ಪುಟ್ಟ ಅಯಸ್ಕಾಂತ, ಪಕ್ಕದ ಪ್ರೋಟಾನಿನ ಲಯ ಕೆಡಿಸುತ್ತದೆ. ಮುಕ್ತ ನೀರಿನ ಅಣುಗಳು ಸದಾ ಹೊರಳಾಡುವುದರಿಂದ ಈ ಕಿರುಕುಳ ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆದು ವಜಾ ಆಗಿಹೋಗುತ್ತದೆ. ಸ್ನಾಯುರಜ್ಜುವಿನಲ್ಲಿ ಹಾಗಲ್ಲ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಒತ್ತಾದ ಸಾಲಿಗೆ ಅಂಟಿಕೊಂಡ ನೀರಿಗೆ ಮನಬಂದಂತೆ ಹೊರಳಲು ಎಡೆಯಿಲ್ಲ. ಕಿರುಕುಳ ಒಂದೇ ಕಡೆಗೆ ಜಮೆಯಾಗಿ, ಲಯ ಚದುರಿ, ಯಂತ್ರ ಕಿವಿಗೊಡುವ ಮೊದಲೇ ಸಂಕೇತ ಅಡಗಿಬಿಡುತ್ತದೆ. ಕಪ್ಪಿಗೆ ಕಾರಣ ಇದೇ.

ಈಗ ಒಂದು ಪುಟ್ಟ ಅಯಸ್ಕಾಂತವನ್ನು ನೆಟ್ಟಗೆ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಅದರ ನೆತ್ತಿಯ ಮೇಲೆ ಕ್ಷೇತ್ರ ಮೇಲ್ಮುಖ, ಪಕ್ಕದಲ್ಲಿ ಕೆಳಮುಖ. ನೆತ್ತಿಯಿಂದ ಪಕ್ಕಕ್ಕೆ ಇಳಿಯುವಾಗ ಮೇಲಕ್ಕೂ ಅಲ್ಲದ ಕೆಳಕ್ಕೂ ಅಲ್ಲದ ಒಂದು ಜಾಗ ಸಿಗಲೇಬೇಕು. ಅದು ಸಿಗುವುದು 54.7 ಡಿಗ್ರಿಯಲ್ಲಿ, ಆ ಓರೆಯಲ್ಲಿರುವ ಪಕ್ಕದ ಪ್ರೋಟಾನಿಗೆ ಕಿರುಕುಳವೇ ಇಲ್ಲ. ಘನಾಕಾರದ ಪೆಟ್ಟಿಗೆಯ ಮೂಲೆಯಿಂದ ಎದುರು ಮೂಲೆಗೆ ಒಳಗಿನಿಂದ ದಾರ ಬಿಗಿದರೆ ದಾರಕ್ಕೂ ಅಂಚಿಗೂ ನಡುವೆ ಬರುವ ಕೋನವೂ ಇದೇ! ಭೌತವಿಜ್ಞಾನಿಗಳಾದ ರೇಮಂಡ್ ಆಂಡ್ರ್ಯೂ ಮತ್ತು ಇರ್ವಿಂಗ್ ಲೋ 1958–59ರಲ್ಲಿ ಬೇರೆ ಬೇರೆಯಾಗಿ, ಘನವಸ್ತುಗಳನ್ನು ಈ ಕೋನದಲ್ಲಿ ಗಿರ್ರನೆ ತಿರುಗಿಸಿ ಇದೇ ಕಿರುಕುಳವನ್ನು ತಗ್ಗಿಸಿದ್ದರು. ಮುಂದೆ 1985ರಲ್ಲಿ ಗ್ಯಾರಿ ಫುಲರ್ಟನ್ ತಂಡ ಸ್ನಾಯುರಜ್ಜುವನ್ನು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿಟ್ಟರೆ ಅಡಗಿದ್ದ ಸಂಕೇತ ಮೇಲೇಳುತ್ತದೆಂದು ತೋರಿಸಿತು. ಇದಕ್ಕೆ ಮ್ಯಾಜಿಕ್ ಕೋನ ಎಂದು ಹೆಸರು.

ಯಂತ್ರದ ಕಾಂತಕ್ಷೇತ್ರ ಸುರಂಗದ ಉದ್ದಕ್ಕೂ ಹರಿಯುತ್ತದೆ. ಅಂಗಾತ ಮಲಗಿದವರ ಕಾಲೂ ಅದೇ ದಿಕ್ಕಿಗಿರುತ್ತದೆ, ಪಾದ ಮಾತ್ರ ಅದಕ್ಕೆ ಲಂಬ. ಕಾಲಿನುದ್ದಕ್ಕೆ ಇಳಿದು ಕಣಕಾಲಿನ ಗಂಟನ್ನು ಸುತ್ತಿ ಪಾದಕ್ಕೆ ತಿರುಗುವ ರಜ್ಜು 0ಯಿಂದ 90 ಡಿಗ್ರಿಗೆ ಹೋಗುವಾಗ 55ನ್ನು ದಾಟದೆ ಗತಿಯಿಲ್ಲ. ಹೊರಗಂಟಿನ ಕೆಳಗೆ ಪೆರೋನಿಯಲ್ ರಜ್ಜುಗಳು (ಬ್ರೆವಿಸ್ ಮತ್ತು ಲಾಂಗಸ್ ಎಂಬ ಜೋಡಿ), ಒಳಗಂಟಿನ ಕೆಳಗೆ ಟಿಬಿಯಾಲಿಸ್ ಪೋಸ್ಟೀರಿಯರ್ ರಜ್ಜು ಬೆಳ್ಳಗಾಗುವುದು ಸರಿಯಾಗಿ ಆ ತಿರುವಿನಲ್ಲೇ. ತೊಡಕೆಂದರೆ, ನಿಜವಾದ ಸೀಳು ಹೆಚ್ಚಾಗಿ ಬೀಳುವುದೂ ಅಲ್ಲೇ.

ಹುಸಿ ಬಿಳಿಯನ್ನು ನಿಜವಾದ ಸೀಳಿನಿಂದ ಬೇರ್ಪಡಿಸುವುದು ಹೇಗೆ? ಎಂಆರ್‌ಐ ಚಿತ್ರಗಳಲ್ಲಿ ಹಲವು ಬಗೆ. ಟಿ1, ಪ್ರೋಟಾನ್ ಡೆನ್ಸಿಟಿ ಎಂಬ ಬಗೆಗಳಲ್ಲಿ ಯಂತ್ರ ಬೇಗ ಕಿವಿಗೊಡುತ್ತದೆ, ಎಕೋ ಸಮಯ (ಕಿವಿಗೊಡುವ ಮೊದಲು ಕಾಯುವ ಹೊತ್ತು) 10–30 ಮಿಲಿಸೆಕೆಂಡು. ಹುಸಿ ಬಿಳಿ ಇವುಗಳಲ್ಲಿ ಕಾಣುತ್ತದೆ. ಎಕೋ ಸಮಯ 60 ಮಿಲಿಸೆಕೆಂಡು ದಾಟಿದ ಟಿ2 ಎಂಬ ಬಗೆಯ ಚಿತ್ರದಲ್ಲಿ ಅದು ಮಾಯ, ದ್ರವ ತುಂಬಿದ ಸೀಳು ಮಾತ್ರ ಉಳಿಯುತ್ತದೆ. ಆದರೆ ಟಿ2 ಕಪ್ಪಗಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು, ಸವೆತದ ಮೊದಲ ಹಂತವೂ ಅದರಲ್ಲಿ ತಪ್ಪಿಸಿಕೊಳ್ಳಬಹುದು. ಆಗ ಆಕಾರ ನೋಡಬೇಕು: ಸೀಳಿದ ಪೆರೋನಿಯಸ್ ಬ್ರೆವಿಸ್ ಅಡ್ಡಕೊಯ್ತದಲ್ಲಿ ಬೂಮರಾಂಗಿನಂತೆ ಬಾಗಿ ಪಕ್ಕದ ಲಾಂಗಸ್ ರಜ್ಜುವನ್ನು ತಬ್ಬಿರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಪಾದದ ತುದಿಯನ್ನು ಸುಮಾರು 20 ಡಿಗ್ರಿ ಕೆಳಕ್ಕೆ ಚಾಚಿಸಿ ಮತ್ತೆ ತೆಗೆಯಬೇಕು. ಕೋನ ಬದಲಾದರೆ ಹುಸಿ ಬಿಳಿ ಕರಗುತ್ತದೆ.

ಹಿಮ್ಮಡಿಯ ಅಕಿಲಿಸ್ ರಜ್ಜು ಮಾತ್ರ ನೆಟ್ಟಗೆ ಇಳಿಯುವುದರಿಂದ ಈ ಮೋಸ ಅಲ್ಲಿ ಅಪರೂಪ. ಹಿಮ್ಮಡಿ ಮೂಳೆಯಿಂದ 2–6 ಸೆಂಟಿಮೀಟರ್ ಮೇಲೆ ಬಿಳಿ ಕಂಡರೆ, ಚಪ್ಪಟೆಯಾಗಿರಬೇಕಾದ ಮುಂಭಾಗ ಉಬ್ಬಿದ್ದರೆ, ಅದನ್ನು ನಂಬಬೇಕು. ಪೂರ್ತಿ ಹರಿದಿದ್ದರೆ ತುಂಡುಗಳ ನಡುವಿನ ಅಂತರದ ಜೊತೆಗೆ ಪಾದ ಯಾವ ಭಂಗಿಯಲ್ಲಿತ್ತು ಎಂಬುದನ್ನೂ ವರದಿಯಲ್ಲಿ ಬರೆಯಬೇಕು, ಏಕೆಂದರೆ ಪಾದ ಕೆಳಕ್ಕೆ ಚಾಚಿದಾಗ ತುಂಡುಗಳು ಹತ್ತಿರ ಬರುತ್ತವೆ.

ಸ್ಕ್ಯಾನಿಗೆ ಮೊದಲು ನೋವಿರುವ ಜಾಗವನ್ನು ರೋಗಿಯೇ ಬೆರಳಿಟ್ಟು ತೋರಿಸಲಿ. ಅಲ್ಲಿ ವಿಟಮಿನ್ ಇ ಮಾತ್ರೆಯೊಂದನ್ನು ಟೇಪಿನಿಂದ ಅಂಟಿಸಿದರೆ ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ರಜ್ಜುವಿನ ಬಿಳಿ ಅದರ ಪಕ್ಕದಲ್ಲಿದೆಯೋ ದೂರದಲ್ಲಿದೆಯೋ ಎಂದು ಅಳೆದು ನೋಡಬಹುದು.